ಹಲ್ಲಿಯವರಿಗೆ, ಮೊಟ್ಟೆಚಿಪ್ಪು ಕಟ್ಟಿದವನ ದೂರು

ಬದನವಾಳಿನ ನಮ್ಮ ನಡುಮನೆಯ ಟ್ಯೂಬ್‌ಲೈಟಿನ ಹಿಂದೆ ನೆಲೆಸಿದ್ದ, ಸದ್ಯ ವಿಳಾಸ ತಿಳಿಯದ ಹಲ್ಲಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಹೋದಲ್ಲಿ ಹುಳಹುಪ್ಪಟೆಗೆ ಕೊರತೆಯಿಲ್ಲವೆಂದು ನಂಬಿ, ಸವಿನಯ ವಂದನೆಗಳೊಂದಿಗೆ ಈ ದೂರನ್ನು ಸಲ್ಲಿಸುತ್ತಿದ್ದೇನೆ. ನಮ್ಮಲ್ಲಿ ಯಾರಾದರೂ ಮಾತನಾಡುವಾಗ ತಾವು ಲೊಚಗುಟ್ಟಿದರೆ ಸಾಕು, ನನ್ನ ತಾಯಿ ಪಾಪಮ್ಮನವರು ನೆಲಕ್ಕೆ ಬೆರಳು ಬಡಿದು, "ಲೊಚ್ ಅಂತು, ದಿಟ ಕಣ್ಲಾ" ಎಂದು ಆ ಮಾತಿಗೆ ಮೊಹರು ಒತ್ತುತ್ತಿದ್ದರು. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ನಲವತ್ತು ಜನರ ಮೇಲೆ ಸೂಪರ್‌ವೈಸರ್ ಆಗಿರುವ ನನ್ನ ಮಾತಿಗೆ ಮನೆಯಲ್ಲಿ ಅಷ್ಟು ಬೆಲೆಯಿಲ್ಲ.

ಹೀಗಿರಲು, ಮೂರನೇ ಕ್ಲಾಸಿನ ನನ್ನ ಮಗಳು ಕವನ ಜೂನ್ ತಿಂಗಳಿಂದ ನಾಲಗೆಯಲ್ಲಿ ಲೊಚ್ ಲೊಚ್ ಎನ್ನತೊಡಗಿದಾಗ, ಅವಳನ್ನು ಕೆಡಿಸಿದವರು ತಾವೇ ಎಂದು ನಾನು ಒಂದೇ ನಿಮಿಷದಲ್ಲಿ ಪತ್ತೆಹಚ್ಚಿದೆ. ತಮ್ಮನ್ನು ಓಡಿಸಲು ಗೋಡೆಗೆಲ್ಲ ಮೊಟ್ಟೆಚಿಪ್ಪು ತೂಗುಹಾಕಿದೆ. ಪೊರಕೆ ಹಿಡಿದು ಸ್ಟೂಲು ಹತ್ತಿ, ಸ್ಟೂಲಿನ ಸಮೇತ ಬಿದ್ದೆ. ತಾವು ಬಾಲ ಬಿಟ್ಟು ಹೋದಿರಿ, ಮಗಳ ಸದ್ದು ಹೋಗಲಿಲ್ಲ. ಆಮೇಲೆ "ನಿಲ್ಸು, ನಿಲ್ಸು" ಎಂದು ಅವಳನ್ನೇ ಗದರಿದೆ. ಅವಳು ಲೊಚ್ ನಿಲ್ಲಿಸಲಿಲ್ಲ, ಮಾತು ನಿಲ್ಲಿಸಿದಳು. ಶಾಲೆಯಲ್ಲಿ ಪಾಠ ಓದಲು ಏಳುವುದಿಲ್ಲ, ಮನೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದೇ ಕೂರುತ್ತಾಳೆ. ಕೊನೆಗೆ ಅವಳನ್ನು ಮೈಸೂರಿಗೆ ಕರೆದೊಯ್ದೆ.

ಮೈಸೂರಿನ ಮಕ್ಕಳ ಡಾಕ್ಟರು ನನ್ನ ಸಂಶೋಧನೆಯನ್ನು ವಿನಯದಿಂದ ಕಸಕ್ಕೆ ಹಾಕಿದರು. ಇದಕ್ಕೆ ಟಿಕ್ ಎನ್ನುತ್ತಾರಂತೆ. ಚೇಷ್ಟೆಯಲ್ಲ, ಅಣಕವಲ್ಲ, ಸೀನು ಬರುವ ಹಾಗೆ ಒಳಗಿನಿಂದ ಒತ್ತಿ ಬರುವಂಥದು. ಸ್ವಲ್ಪ ಹೊತ್ತು ತಡೆಯಬಹುದು, ಗದರಿದರೆ ಹೆಚ್ಚಬಹುದು, ಬಹಳ ಮಕ್ಕಳಲ್ಲಿ ಬೆಳೆದಂತೆ ತಗ್ಗುತ್ತದೆ. ಸದ್ಯಕ್ಕೆ ಮಾತ್ರೆ ಬೇಡ, ಒತ್ತಿ ಬಂದಾಗ ತುಟಿ ಮುಚ್ಚಿ ನಿಧಾನವಾಗಿ ಮೂಗಿನಲ್ಲಿ ಉಸಿರಾಡುವುದನ್ನು ಕಲಿಸೋಣ ಎಂದವರು, ನನ್ನತ್ತ ತಿರುಗಿ, "ನಿಮಗೆ ಭುಜ ಕುಣಿಸೋದು ಯಾವಾಗಿಂದ ಸರ್?" ಎಂದು ಕೇಳಿದರು. ತೋಳಿನ ಹೊಲಿಗೆ ಸರಿಯಿಲ್ಲದ್ದಕ್ಕೇ ಭುಜ ಕುಣಿಯುತ್ತದೆಂದು ದರ್ಜಿ ಶಿವಮೂರ್ತಿಯನ್ನು ಇಪ್ಪತ್ತು ವರ್ಷದಿಂದ ಬೈಯುತ್ತಾ ಬಂದವನು ನಾನು.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಹೊಸ ಬಾಲದೊಂದಿಗೆ ಮರಳಿ, ನಾನು ಗದರಲು ಬಾಯಿ ತೆರೆದಾಗಲೆಲ್ಲ ನೇರ ನನ್ನ ನೆತ್ತಿಯ ಮೇಲೆ ಬಿದ್ದು ಉಪಕರಿಸಬೇಕೆಂದು ಕೋರುತ್ತೇನೆ. ಚಿಪ್ಪುಗಳನ್ನೆಲ್ಲ ಇಳಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಚೆಲುವರಾಜು

ಮರೆತ ಮಾತು: ನಿನ್ನೆ ಊಟಕ್ಕೆ ಕೂತಾಗ "ಇನ್ಮೇಲೆ ಬಯ್ಯಾಕಿಲ್ಲ ಕಣವ್ವ" ಎಂದು ಮಗಳಿಗೆ ಹೇಳುತ್ತಿದ್ದೆ. ಅವಳ ನಾಲಗೆ ಲೊಚ್ ಎಂದಿತು. ಅವ್ವ ನೆಲಕ್ಕೆ ಬೆರಳು ಬಡಿದು "ದಿಟ ಕಣ್ಲಾ" ಎಂದರು. ಕವನ ಬಾಯಿಂದ ಕೈ ತೆಗೆದು ನಕ್ಕಳು. ತಾವು ಬರುವುದು ತಡವಾದರೂ ಚಿಂತೆಯಿಲ್ಲ, ತಮ್ಮ ಹುದ್ದೆ ಭರ್ತಿಯಾಗಿದೆ.