ಕಂಪನಿ ಹಾಕಿದ ಬೀಗ

ಏಪ್ರಿಲ್ ತಿಂಗಳ ಎರಡನೆಯ ಶನಿವಾರ, ಬೆಳಗ್ಗೆ ಹತ್ತು ಗಂಟೆ. ಸ್ಥಳ: ಶಿಕಾರಿಪುರದ ನಮ್ಮ ಮನೆಯ ತಾರಸಿ ಮೆಟ್ಟಿಲು. ಹಾಜರಿದ್ದವರು: ನಾನು, ನನ್ನ ಹೆಂಡತಿ ಶಾರದೆ, ಪಕ್ಕದ ಮನೆಯ ಗಿರಿಜಮ್ಮ ಮತ್ತು ಬಳ್ಳಿಗಾವಿಯಿಂದ ಬಂದಿದ್ದ ಗೆಳೆಯ ಬಸಣ್ಣ. ಆಗಬೇಕಾದ ಕೆಲಸ: ಮುಳುಗಿಹೋದ ಮೊಬೈಲ್ ಕಂಪನಿಯೊಂದು ನಮ್ಮ ತಾರಸಿ ಬಾಗಿಲಿಗೆ ಹಾಕಿಹೋದ ಬೀಗ ಒಡೆಯುವುದು.

ಹೀಗೆ ಬರೆದುಕೊಳ್ಳದೆ ನನ್ನ ಕೈಯಲ್ಲಿ ಯಾವ ಕೆಲಸವೂ ಶುರುವಾಗುವುದಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತನಾದವನು ನಾನು. ಕೆಲಸ ಹೋದರೂ ಮೇಲ್ವಿಚಾರಣೆ ಹೋಗಲಿಲ್ಲ. ದಿನಾ ಬೆಳಗ್ಗೆ ಕಾಫಿಯಾದ ಮೇಲೆ ಶಾರದೆಯಿಂದ ಮನೆಯ ವರದಿ ತೆಗೆದುಕೊಳ್ಳುತ್ತೇನೆ. ನಲ್ಲಿ ಬಂತೆ, ಗ್ಯಾಸ್ ಬುಕ್ ಆಯಿತೆ, ಹಿತ್ತಲ ಬಾಗಿಲ ಕೀಲಿಗೆ ಎಣ್ಣೆ ಬಿತ್ತೆ ಎಂದು ಕೇಳುತ್ತೇನೆ. ಅವಳು ಎಲ್ಲಕ್ಕೂ ಆಯಿತು ಎನ್ನುತ್ತಾಳೆ. ಕೇಳಿದ್ದಕ್ಕೆಲ್ಲ ಆಯಿತು ಎನ್ನುವ ಮನೆ ಶಿಸ್ತಿನ ಮನೆ ಎಂದು ನಾನು ನಂಬಿಕೊಂಡು ಬಂದಿದ್ದೇನೆ.

ಈ ಕಂಪನಿಯವರು ಬಂದಾಗ ಊರಿಗೆಲ್ಲ ಸಂಭ್ರಮ. ಟೈ ಕಟ್ಟಿದ ಒಬ್ಬ ಮ್ಯಾನೇಜರ್ ನಮ್ಮ ಜಗುಲಿಯಲ್ಲಿ ಕುಳಿತು ಅವಲಕ್ಕಿ ತಿಂದು, ನಮ್ಮದು ಕಂಪನಿಯಲ್ಲ ಸಾರ್, ಕುಟುಂಬ ಎಂದ. ನಾನು ಕರಾರು ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿ ಸಹಿ ಹಾಕಿದೆ. ತಾರಸಿಯ ಮೇಲೆ ಟವರು ನಿಂತಿತು, ಮಗ್ಗುಲಲ್ಲಿ ಯಂತ್ರದ ಪೆಟ್ಟಿಗೆ ಕುಳಿತಿತು, ಬಾಗಿಲಿಗೆ ಬೀಗ ಬಿತ್ತು. ಕಂಪನಿಯವರ ಹೊರತು ಯಾರೂ ಮೇಲೆ ಹೋಗಕೂಡದು ಎಂದು ಕರಾರಿನಲ್ಲಿತ್ತು. ನಾನೂ ಹೋಗಲಿಲ್ಲ. ಮಳೆಗಾಲದಲ್ಲಿ ನಡುಮನೆ ಸೋರಿದಾಗ ಕೆಳಗೆ ಬಕೆಟ್ ಇಟ್ಟೆ, ಮೇಲೆ ಹತ್ತಲಿಲ್ಲ.

ಒಂದು ದಿನ ಟವರಿನ ಗುಂಯ್ ಎನ್ನುವ ಸದ್ದು ನಿಂತಿತು. ಆಮೇಲೆ ಪತ್ರಿಕೆಯಲ್ಲಿ ಒಂದೊಂದೇ ಸುದ್ದಿ ಬರತೊಡಗಿತು. ಸತ್ತ ಟವರುಗಳನ್ನೆಲ್ಲ ಜೀವಂತ ಎಂದು ಲೆಕ್ಕದಲ್ಲಿ ತೋರಿಸಿದ್ದರಂತೆ. ಇಲ್ಲದ ಗಿರಾಕಿಗಳು ಇಲ್ಲದ ಟವರುಗಳ ಕೆಳಗೆ ಗಂಟೆಗಟ್ಟಲೆ ಮಾತಾಡಿದ್ದಾರೆ ಎಂದು ಬರೆದು ಬ್ಯಾಂಕುಗಳಿಂದ ಸಾಲ ಎತ್ತಿದ್ದರಂತೆ. ತನಿಖೆಯವರು ಬಳ್ಳಿಗಾವಿಗೂ ಬಂದಿದ್ದರು. ಬಸಣ್ಣನ ಮೆಕ್ಕೆಜೋಳದ ಹೊಲದಲ್ಲಿ ಒಂದು ಟವರು ಇದೆಯೆಂದು ಅವರ ಕಾಗದ ಹೇಳುತ್ತಿತ್ತು. ಬಸಣ್ಣ ಅವರನ್ನು ಬದುವಿನ ಮೇಲೆ ನಡೆಸಿಕೊಂಡು ಹೋಗಿ ಬೆದರುಬೊಂಬೆಯ ಮುಂದೆ ನಿಲ್ಲಿಸಿದನಂತೆ. "ನಮ್ಮ ಹೊಲದಾಗೆ ನಿಂತಿರದು ಇದೊಂದೇ ಸಾಹೇಬ್ರೆ. ಇದಕ್ಕೆ ಸಿಗ್ನಲ್ ಬರಂಗಿಲ್ಲ, ಹಕ್ಕಿ ಮಾತ್ರ ಬರ್ತಾವೆ," ಎಂದನಂತೆ.

ಕಂಪನಿಯ ಅಧ್ಯಕ್ಷರು ವಿಚಾರಣೆಯಲ್ಲಿ, ಕೆಳಗೆ ಏನು ನಡೆಯುತ್ತಿತ್ತೋ ನನಗೆ ಗೊತ್ತೇ ಇರಲಿಲ್ಲ, ಯಾರೂ ಹೇಳಲಿಲ್ಲ ಎಂದರೆಂದು ಓದಿ ನನಗೆ ಮೈಯೆಲ್ಲ ಉರಿಯಿತು. ಬೀಗರ ಮನೆಗೆ ಹೋದಾಗಲೂ ನಾಲ್ಕು ಜನರನ್ನು ಕೂರಿಸಿಕೊಂಡು ಇದೇ ಭಾಷಣ ಮಾಡಿದ್ದೇನೆ. ಯಜಮಾನ ಎನಿಸಿಕೊಂಡವನಿಗೆ ತನ್ನ ಸೂರಿನ ಕೆಳಗಿನದು ಗೊತ್ತಿರಬೇಡವೆ? ನನ್ನ ಕಾಲದಲ್ಲಿ ಲೈನ್‌ಮನ್ ಒಂದು ಕಂಬ ಹತ್ತದೆ ಬಂದರೆ ಅವನ ಅಂಗೈ ನೋಡಿ ಹೇಳುತ್ತಿದ್ದೆ. ಶಾರದೆ ಇದನ್ನು ಕೇಳುವಾಗಲೆಲ್ಲ ಯಾಕೋ ಎದ್ದು ಒಳಗೆ ಹೋಗುತ್ತಿದ್ದಳು.

ಕಂಪನಿ ಮುಳುಗಿದ ಮೇಲೆ ಅದರ ಆಸ್ತಿ ನೋಡಿಕೊಳ್ಳಲು ಕೋರ್ಟು ಒಬ್ಬ ಅಧಿಕಾರಿಯನ್ನು ನೇಮಿಸಿತು. ಬೀಗ ತೆಗೆಯಲು ಅನುಮತಿ ಕೋರಿ ಅವರಿಗೆ ಕಾಗದ ಬರೆದೆ, ಜ್ಞಾಪನಪತ್ರ ಬರೆದೆ, ಜ್ಞಾಪನಪತ್ರವನ್ನು ಜ್ಞಾಪಿಸಿಯೂ ಬರೆದೆ. ಕೊನೆಗೆ ಈ ವಾರ ಉತ್ತರ ಬಂತು: ಇಬ್ಬರು ಸಾಕ್ಷಿಗಳ ಎದುರು ಒಡೆಯಬಹುದು.

ಸಮಯಕ್ಕೆ ಸರಿಯಾಗಿ ಬಂತು ಎಂದುಕೊಂಡೆ. ಸೊರಬದಲ್ಲಿ ಶಾರದೆಯ ತಮ್ಮ ಮಂಜುನಾಥನ ಮಗಳ ಮದುವೆ. ಮದುವೆಯೂಟದ ಹಪ್ಪಳ ಹುಡುಗಿಯ ಸೋದರತ್ತೆಯ ಮನೆಯಿಂದಲೇ ಹೋಗಬೇಕೆಂಬುದು ಅವರ ಮನೆತನದ ಪದ್ಧತಿ. ಅಂಗಡಿ ಹಪ್ಪಳ ಎಲೆಗೆ ಬಿದ್ದರೆ ಶಾರದೆ ತವರಿನಲ್ಲಿ ತಲೆ ಎತ್ತುವ ಹಾಗಿಲ್ಲ. ಭಾನುವಾರವೇ ಮದುವೆಗೆ ಮುಂಚಿನ ದೇವರ ಊಟ, ಹಾಗಾಗಿ ಶನಿವಾರ ಸಂಜೆಯ ಬಸ್ಸಿಗೆ ಡಬ್ಬ ಹೋಗಲೇಬೇಕು. ಕೇರಿಯ ಹೆಂಗಸರು ತಮ್ಮ ತಮ್ಮ ಲಟ್ಟಣಿಗೆ ತಂದು ನಮ್ಮ ನಡುಮನೆಯಲ್ಲಿ ಕುಳಿತು ಹಪ್ಪಳ ಒತ್ತುವುದನ್ನು ನಾನೇ ಕಂಡಿದ್ದೆ. ಆದರೆ ನಮ್ಮ ಅಂಗಳದಲ್ಲಿ ಬಿಸಿಲು ಬಿದ್ದ ಹಾಗೆ ಮಾಡಿ ಎದ್ದುಹೋಗುತ್ತದೆ. ಹಪ್ಪಳ ಒಣಗುತ್ತಿವೆಯೆ ಎಂದು ದಿನಾ ವರದಿ ಕೇಳಿದೆ, ಒಣಗುತ್ತಿವೆ ಎಂದಳು. ಪಾಪ, ನನಗೆ ಚಿಂತೆಯಾಗಬಾರದೆಂದು ಹೇಳುತ್ತಿದ್ದಾಳೆ, ತಾರಸಿ ತೆಗೆಸಿಕೊಟ್ಟು ಅವಳ ಮಾನ ಉಳಿಸಬೇಕು ಎಂದು ನಿಶ್ಚಯಿಸಿದೆ.

ಸುತ್ತಿಗೆ ಎತ್ತಿಕೊಂಡಾಗ ಶಾರದೆ ಗಿರಿಜಮ್ಮನ ಮುಖ ನೋಡಿದಳು. ಗಿರಿಜಮ್ಮ ಸೆರಗು ಸರಿಮಾಡಿಕೊಂಡರು.

"ಇವತ್ತೇ ಯಾಕ್ರೀ?" ಎಂದಳು ಶಾರದೆ. "ಮದುವೆ ಮುಗಿಸ್ಕೊಂಡು ಬಂದು ನಿಧಾನಕ್ಕೆ ಒಡೀಬಹುದಲ್ಲ."

ಅನುಮತಿ ಬಂದ ಕೆಲಸವನ್ನು ಮುಂದಕ್ಕೆ ಹಾಕುವುದು ನನ್ನ ಜಾಯಮಾನವಲ್ಲ ಎಂದೆ. ಗಿರಿಜಮ್ಮ, ಶನಿವಾರ ಕಬ್ಬಿಣ ಮುಟ್ಟಬಾರದು ಎಂದು ಸಣ್ಣಗೆ ಹೇಳಿ ನೋಡಿದರು. ಶಾಸ್ತ್ರಕ್ಕಿಂತ ಕೋರ್ಟು ದೊಡ್ಡದು ಎಂದು ನಾನು ಬೀಗಕ್ಕೆ ಬಾರಿಸಿದೆ. ಅದು ಮೂರನೇ ಪೆಟ್ಟಿಗೆ ಬಿತ್ತು. ಬಾಗಿಲು ಹೊರಗಡೆಗೆ ತೆರೆಯುವಂಥದು, ಬಿಗಿದುಕೊಂಡಿತ್ತು. ಬಸಣ್ಣನೂ ನಾನೂ ಹೆಗಲು ಕೊಟ್ಟು ನೂಕಿದೆವು. ಧಡ್ ಎಂದು ತೆರೆಯಿತು. ಜೊತೆಗೆ ಒಣಗಿದ ಎಲೆಗಳ ರಾಶಿ ತುಳಿದಂಥ ಸದ್ದು.

ಎಲೆಗಳಲ್ಲ. ತಾರಸಿಯ ತುಂಬ ಹಳೆ ಸೀರೆಗಳು ಹಾಸಿದ್ದವು, ಸೀರೆಗಳ ತುಂಬ ಹಪ್ಪಳ. ಈ ಬಾಗಿಲು ಯಾವತ್ತೂ ತೆರೆಯುವುದಿಲ್ಲ ಎಂಬ ಧೈರ್ಯದಲ್ಲಿ ಹೊಸ್ತಿಲವರೆಗೂ ಹಾಸಿದ್ದರು. ಬಾಗಿಲು ಅರ್ಧ ಸೀರೆಯನ್ನು ಮುದ್ದೆ ಮಾಡಿ ಗೋಡೆಗೆ ಒತ್ತಿತ್ತು. ಕಂಪನಿಯ ಪೆಟ್ಟಿಗೆಯ ಮೇಲೆ ಮೊರಗಳಲ್ಲಿ ಸಂಡಿಗೆ. ಟವರಿನ ಕಾಲಿನಿಂದ ಕಾಲಿಗೆ ಹಗ್ಗ, ಹಗ್ಗದ ಮೇಲೆ ಗಿರಿಜಮ್ಮನ ಮನೆಯ ಬಟ್ಟೆ. ಆ ಹಗ್ಗವನ್ನು ನಾನು ರಸ್ತೆಯಿಂದ ಎಷ್ಟೋ ಸಲ ನೋಡಿ ಕಂಪನಿಯ ಕೇಬಲ್ ಎಂದುಕೊಂಡಿದ್ದೆ. ನಾನು, ಕೇಬಲ್ಲುಗಳ ನಡುವೆಯೇ ಬಾಳು ಸವೆಸಿದವನು. ಗಿರಿಜಮ್ಮನ ತಾರಸಿಯಿಂದ ನಮ್ಮ ತಾರಸಿಗೆ ಒಂದು ಹಲಗೆ ಹಾಕಿತ್ತು. ಅದರ ನಡುಭಾಗ ಓಡಾಡಿ ಓಡಾಡಿ ನುಣುಪಾಗಿತ್ತು.

ಬಸಣ್ಣ ಟವರನ್ನು ತುದಿಯವರೆಗೆ ನೋಡಿ, "ಸರ, ಇದು ಮಾತ್ರ ಖರೇನೇ ಚಾಲ್ತಿಯೊಳಗೈತಿ," ಎಂದ.

ಎಷ್ಟು ದಿನದಿಂದ ಎಂದು ಕೇಳಿದೆ. ಟವರು ಸತ್ತಾಗಿನಿಂದ ಎಂದರು ಗಿರಿಜಮ್ಮ. ಇಡೀ ಕೇರಿಗೆ ಗೊತ್ತೆ ಎಂದೆ. ಗಿರಿಜಮ್ಮ ಹಗ್ಗದ ಮೇಲಿನ ಬಟ್ಟೆ ತೆಗೆಯತೊಡಗಿದರು. ನನಗೊಂದು ಮಾತು ಹೇಳಬಾರದಿತ್ತೆ ಎಂದು ಶಾರದೆಯನ್ನು ಕೇಳಿದೆ. ಅವಳು ನೆಲಕ್ಕೆ ಕೂತು ಮುರಿದ ಹಪ್ಪಳಗಳನ್ನು ಬೇರೆ ಮಾಡುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ಹೇಳಿದ್ರೆ ನೀವು ಕಂಪನಿಗೆ ಕಾಗದ ಬರೀತಿದ್ರಿ."

ಬರೆಯುತ್ತಿದ್ದೆ. ಅದರಲ್ಲಿ ಸುಳ್ಳೇನೂ ಇಲ್ಲ. ಅಕ್ರಮ ಪ್ರವೇಶ ಎಂಬ ತಲೆಬರಹ ಕೊಟ್ಟು, ಹೆಂಡತಿಯ ಹೆಸರನ್ನೂ ಸೇರಿಸಿ ಬರೆಯುತ್ತಿದ್ದೆ.

ಆದರೆ ಮುರಿದದ್ದು ಮುರಿದಿತ್ತು. ಶಾರದೆಯ ಕಣ್ಣು ತುಂಬಿಕೊಂಡದ್ದನ್ನು ಕಂಡು ನಾನು ಸುತ್ತಿಗೆಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಗಿರಿಜಮ್ಮ ಹಲಗೆಯ ಮೇಲೆ ದಾಟಿಹೋಗಿ, ತಮ್ಮ ಮನೆಯ ವರ್ಷದ ಹಪ್ಪಳದ ಡಬ್ಬವನ್ನೇ ತಂದು ಅವಳ ಮುಂದಿಟ್ಟರು. ಒಂದೇ ಹಿಟ್ಟು, ಒಂದೇ ಕೈಗಳು ಒತ್ತಿದವು, ಸೊರಬದವರಿಗೆ ಗೊತ್ತಾಗುವುದಿಲ್ಲ ಎಂದರು. ಹಸಿ ಉಳಿದವು ಸಂಜೆಯೊಳಗೆ ಒಣಗಬೇಕಿತ್ತು, ಕಾಗೆಗಳಿಗೆ ಬಾಗಿಲು ತೆರೆದ ಗದ್ದಲದಿಂದ ಕುತೂಹಲ ಹುಟ್ಟಿತ್ತು. ನನ್ನ ಕೈಗೆ ಕೊಡೆ ಕೊಟ್ಟು ಟವರಿನ ಬುಡದಲ್ಲಿ ಕೂರಿಸಿದರು. ಮಧ್ಯಾಹ್ನವೆಲ್ಲ ಹುಶ್ ಎನ್ನುತ್ತ ಕೂತೆ. ನಡುನಡುವೆ ಶಾರದೆ ಹತ್ತಿ ಬಂದು ನನ್ನಿಂದ ವರದಿ ತೆಗೆದುಕೊಂಡಳು.

ಸಂಜೆ ಡಬ್ಬಕ್ಕೆ ಬಟ್ಟೆ ಕಟ್ಟಿ, ಸೊರಬದ ಬಸ್ಸಿಗೆ ಏರಿಸಿ, ಕಂಡಕ್ಟರಿಗೆ ಹೇಳಿ ಬಂದೆ. ಎಂಟು ಗಂಟೆಗೆ ಮಂಜುನಾಥನ ಫೋನು ಬಂತು. ಡಬ್ಬ ತಲುಪಿದೆ, ನಾಲ್ಕು ಕರಿದು ನೋಡಿದೆವು, ಹೂವಿನ ಹಾಗೆ ಅರಳಿದವು ಎಂದ.

"ಎಲ್ಲೊಣಗಿಸಿದ್ರಿ ಭಾವ, ಇಷ್ಟು ಚೆನ್ನಾಗಿ?"

ತಾರಸಿಯ ಮೇಲೆ, ನನ್ನ ಮೇಲ್ವಿಚಾರಣೆಯಲ್ಲಿ ಎಂದೆ.

"ಏನೂ ತೊಂದ್ರೆ ಆಗ್ಲಿಲ್ಲ ಅಲ್ವಾ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಏನೂ ಇಲ್ಲ, ಎಲ್ಲ ಯೋಜನೆಯಂತೆ ಆಯಿತು ಎಂದು ಹೇಳಿ ಫೋನಿಟ್ಟೆ. ಆಮೇಲೆ ಬಾಗಿಲ ಹಿಂದಿನಿಂದ ಗುಡಿಸಿ ತಂದ ಹಪ್ಪಳದ ಚೂರುಗಳನ್ನು ಕರಿದು ಶಾರದೆ ತಟ್ಟೆಯಲ್ಲಿಟ್ಟಳು. ಒಂದೂ ಬಿಡದೆ ತಿಂದು ಮುಗಿಸಿದೆ.