ಜಿಯೋಗ್ರಫಿ ಪುಸ್ತಕದ ಹೀರೋ

ಯಾರಾದರೂ ಏನಾದರೂ ಕೇಳಿದರೆ ಮನೀಶನ ಅಮ್ಮ ಗಂಗಾಳಿಗೆ ಇಲ್ಲ ಎನ್ನಲು ಬಾರದು. ಆ ಭಾನುವಾರ ಬೆಳಿಗ್ಗೆ ಮೂರನೇ ಮಾಳಿಗೆಯ ಲೋಲಾಕ್ಷಿ ಬಂದು, "ಗಂಗಾ, ನಮ್ಮ ಸಂಜನಾಗೆ ಮುಂದಿನ ವಾರ ಒಂಬತ್ತನೆಯದರ ಪರೀಕ್ಷೆ. ನಿಮ್ಮ ಮನೀಶನ ಹೋದ ವರ್ಷದ ಜಿಯೋಗ್ರಫಿ ಪುಸ್ತಕ ಉಂಟಾ?" ಎಂದು ಕೇಳಿದಳು. ಗಂಗಾ ಮಗನ ಮೇಜಿನ ರಾಶಿಯಲ್ಲಿ ಕೈಯಾಡಿಸಿ, ಕಂದು ಕಾಗದದ ಹೊದಿಕೆಯ ಮೇಲೆ 'ಜಿಯೋಗ್ರಫಿ' ಎಂದು ಬರೆದ ನೋಟ್‌ಬುಕ್ಕನ್ನು ತೆಗೆದು ಕೊಟ್ಟೇ ಬಿಟ್ಟಳು. ಮನೀಶ ಆಗ ಬಾತ್‌ರೂಮಿನಲ್ಲಿ ಹಾಡುತ್ತಿದ್ದ.

ಆ ಪುಸ್ತಕದೊಳಗೆ ಒಂದು ನದಿಯಾಗಲಿ, ಒಂದು ಪರ್ವತವಾಗಲಿ ಇರಲಿಲ್ಲ. ಅದು ಮನೀಶ ಒಂದು ವರ್ಷದಿಂದ ಕದ್ದುಮುಚ್ಚಿ ಬರೆದ ಮಾಂಗಾ. ಅಂದರೆ ಜಪಾನಿನ ಮಾದರಿಯ ಚಿತ್ರಕತೆ. ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಂದು ಹೈಸ್ಕೂಲು. ಇಬ್ಬರೂ ದಿನಾ ಒಂದೇ ಲೋಕಲ್ ಟ್ರೈನ್ ಹಿಡಿಯುತ್ತಾರೆ, ದಿನಾ ಏನೋ ಹೇಳಲು ಹೊರಡುತ್ತಾರೆ, ಅಷ್ಟರಲ್ಲಿ ಸ್ಟೇಷನ್ ಬಂದುಬಿಡುತ್ತದೆ. ಹುಡುಗಿಯ ಕಣ್ಣು ಇಡ್ಲಿಯಷ್ಟು ದೊಡ್ಡದು. ಹುಡುಗ ಎತ್ತರ, ಗಾಳಿ ಇರಲಿ ಬಿಡಲಿ ಅವನ ಕೂದಲು ಹಾರುತ್ತಲೇ ಇರುತ್ತದೆ. ಇಬ್ಬರಿಗೂ ಹೆಸರಿಲ್ಲ. ಆದರೆ ಹುಡುಗಿ ಯಾರು ಎಂಬುದು ಮನೀಶನಿಗೆ ಗೊತ್ತಿತ್ತು: ಪಕ್ಕದ ಸ್ಟೇಷನ್ ಠಾಕುರ್ಲಿಯ ಟ್ಯೂಷನ್ನಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುವ ತನ್ವಿ. ಹುಡುಗ ಯಾರು ಎಂಬುದು ಇನ್ನೂ ಚೆನ್ನಾಗಿ ಗೊತ್ತಿತ್ತು.

ಕೊನೆಯ ಚಿತ್ರದಲ್ಲಿ ಹುಡುಗ ಪ್ಲಾಟ್‌ಫಾರ್ಮಿನ ಮೇಲೆ ನಿಂತು, "ನನಗೆ ನೀನಂದರೆ ಇಷ್ಟ" ಎನ್ನುತ್ತಾನೆ. ಉಳಿದದ್ದೆಲ್ಲ ಹಿಂದಿಯಲ್ಲಿದ್ದರೂ ಈ ಒಂದು ಮಾತನ್ನು ಮನೀಶ ಕನ್ನಡದಲ್ಲಿ ಬರೆದಿದ್ದ. ಶಾಲೆಯಲ್ಲಿ ಯಾರ ಕೈಗೆ ಸಿಕ್ಕಿದರೂ ಓದಲಾಗದು. ಅಜ್ಜಿಯ ಹತ್ತಿರ ಕನ್ನಡ ಕಲಿತ ತನ್ವಿ ಮಾತ್ರ ಓದಬಲ್ಲಳು ಎಂಬುದು ಅವನ ಲೆಕ್ಕಾಚಾರ. ಆ ದಿನ ಟ್ಯೂಷನ್ನಿನ ಕೊನೆಯ ದಿನ. ಆಮೇಲೆ ಹತ್ತನೆಯದರ ಪರೀಕ್ಷೆ, ಆಮೇಲೆ ಯಾರು ಯಾವ ಕಾಲೇಜೋ. ಪುಸ್ತಕವನ್ನು ಇವತ್ತೇ ಕೊಡಬೇಕು. ಧೈರ್ಯ ಸಾಲದಿದ್ದರೆ ಕೊನೆಯ ಪುಟ ಹರಿದು ಉಳಿದದ್ದನ್ನು ಕೊಡಬೇಕು.

ತಲೆ ಒರೆಸುತ್ತ ಹೊರಬಂದ ಮನೀಶ ಮೇಜು ನೋಡಿದ. ಮೇಜಿನ ಕೆಳಗೆ ನೋಡಿದ. ಅಮ್ಮನ ಮುಖ ನೋಡಿದ.

"ಜಿಯೋಗ್ರಫಿಯಾ? ಲೋಲಾಕ್ಷಕ್ಕನಿಗೆ ಕೊಟ್ಟೆ. ನಿನಗೆ ಎಂತಕ್ಕೆ ಈಗ? ನೀನು ಪಾಸಾಗಿ ವರ್ಷ ಆಯ್ತಲ್ಲ," ಎಂದಳು ಗಂಗಾ.

ಮನೀಶ ಬನಿಯನ್ನಿನಲ್ಲೇ ಎರಡೆರಡು ಮೆಟ್ಟಿಲು ಹಾರಿ ಮೂರನೇ ಮಾಳಿಗೆಗೆ ಓಡಿದ. ನೆಲಮಹಡಿಯ ವಿಶಾಲ್, ಬಾಲವಾಡಿಯಿಂದ ಟ್ಯೂಷನ್ನಿನವರೆಗೂ ಅವನ ಜೊತೆಗಾರ, ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದವನು ಏನೆಂದೂ ಕೇಳದೆ ಹಿಂದೆಯೇ ಓಡಿಬಂದ. ವಿಶಾಲನ ಗುಣವೇ ಅದು. ಮೊದಲು ಓಡುತ್ತಾನೆ, ಆಮೇಲೆ ಕಾರಣ ಕೇಳುತ್ತಾನೆ.

ಬಾಗಿಲು ತೆರೆದ ಲೋಲಾಕ್ಷಿಯ ಕಣ್ಣು ಕೆಂಪಾಗಿತ್ತು.

"ಬಾ ಮಗಾ, ಕೂತ್ಕೊ. ಆ ಹುಡುಗ ಯಾರು ಹೇಳು."

"ಯಾವ ಹುಡುಗ ಆಂಟಿ?"

"ಪುಸ್ತಕದಲ್ಲಿ ನಮ್ಮ ಸಂಜನಾಳ ಜೊತೆ ಇದ್ದಾನಲ್ಲ, ಆ ಹುಡುಗ! ನನಗೆ ಗೊತ್ತಾಗ್ಲಿಲ್ಲ ಅಂತ ಮಾಡಿದ್ದೀಯಾ? ಆ ಕಣ್ಣು ನಮ್ಮ ಸಂಜನಾಳದ್ದೇ. ಎರಡು ಜಡೆ ಅವಳದ್ದೇ. ಆ ಮೋಸಗಾರ ಮೊದಲ ಪುಟದಲ್ಲೇ ಇಷ್ಟ ಅಂತಾನೆ. ಬರ್ತಾ ಬರ್ತಾ ಮಾತು ಕಡಿಮೆ ಮಾಡ್ತಾನೆ. ಕೊನೆಗೆ ಗುರುತೇ ಇಲ್ಲದವರ ಹಾಗೆ ಆಚೆ ಈಚೆ ಹೋಗ್ತಾರೆ! ಓದಿ ನನಗೆ ಅಳುವೇ ಬಂತು."

ಮನೀಶನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಜಪಾನಿನವರು ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ಓದುತ್ತಾರೆ. ಅವನೂ ಹಾಗೆಯೇ ಬರೆದಿದ್ದ. ಲೋಲಾಕ್ಷಿ ಉಡುಪಿಯವಳು; ಮುಂದಿನಿಂದ ಹಿಂದಕ್ಕೆ ಓದಿದ್ದಳು.

"ಆಂಟಿ, ಅದು ಉಲ್ಟಾ..."

"ಉಲ್ಟಾ ಅಲ್ಲ ಮಗಾ, ಲೋಕ ಇರುದೇ ಹಾಗೆ. ನಿನ್ನ ಮೇಲೆ ನನಗೆ ಒಂಚೂರೂ ಸಂಶಯ ಇಲ್ಲ. ನೀನು ಹುಡುಗಿಯರ ಕಡೆ ಕಣ್ಣೆತ್ತಿ ನೋಡುವವನಲ್ಲ. ನೀನು ಬರೀ ಚಿತ್ರ ಬರೆದವನು. ಆ ಹುಡುಗನ ಹೆಸರು ಹೇಳು, ಸಾಕು."

ತನ್ನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ ಎಂಬುದು ಸಮಾಧಾನದ ವಿಷಯ. ಆದರೂ ಮನೀಶನಿಗೆ ಎಲ್ಲೋ ಚುರುಕ್ ಎಂದಿತು.

"ಪುಸ್ತಕ ಎಲ್ಲುಂಟು ಆಂಟಿ?"

"ಅವರು ಹೋಟೆಲಿಗೆ ತಕೊಂಡು ಹೋದ್ರು. ಅಪ್ಪ ಆದವರು ಒಮ್ಮೆ ನೋಡುದು ಬೇಡ್ವಾ?"

ವಿಶಾಲ್ ಹಾಲಿನ ಪ್ಯಾಕೆಟ್ಟನ್ನು ಲೋಲಾಕ್ಷಿಯ ಕೈಗೇ ಕೊಟ್ಟ. "ಆಂಟಿ, ಇದು ನಮ್ಮಮ್ಮನಿಗೆ ಕೊಡಿ ಪ್ಲೀಸ್. ಚಲ್ ಮನ್ಯಾ!"

ಲೋಲಾಕ್ಷಿಯ ಗಂಡ ಕಮಲಾಕ್ಷ ಡೊಂಬಿವಲಿ ಸ್ಟೇಷನ್ನಿನ ಎದುರು ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ. ಕೆಳಗೆ ಹಗ್ಗದಲ್ಲಿ ಒಣಗುತ್ತಿದ್ದ ವಿಶಾಲನ ಶರ್ಟನ್ನು ಎಳೆದು ಹಾಕಿಕೊಂಡ ಮನೀಶ ಅಲ್ಲಿಗೆ ತಲುಪುವಾಗ, ಗೋಣಿಯೊಳಗೆ ಸೇರಿಕೊಂಡ ಬೆಕ್ಕಿನಂತೆ ಕಾಣುತ್ತಿದ್ದ. ಭಾನುವಾರದ ಗಿಜಿಗಿಜಿ. ಕಮಲಾಕ್ಷ ಕೌಂಟರಿನಿಂದಲೇ ಕೈಬೀಸಿ ಕರೆದ. ಮನೀಶ ಪೆಟ್ಟು ತಿನ್ನುವ ತಯಾರಿಯಲ್ಲೇ ಹತ್ತಿರ ಹೋದ.

"ಬಾ ಮಾರಾಯ! ಎಂತ ಕೈ ನಿನ್ನದು! ಇದು ನಮ್ಮ ಹೋಟೆಲೇ ಅಲ್ವಾ?"

ಒಂದು ಚಿತ್ರದಲ್ಲಿ ಹುಡುಗ ಹುಡುಗಿ ಮಸಾಲೆ ದೋಸೆ ತಿನ್ನುತ್ತಾರೆ. ಅದು ಯಾವ ಹೋಟೆಲೂ ಆಗಬಹುದಿತ್ತು. ಮನೀಶ ತಲೆಯಾಡಿಸಿದ.

"ನನಗೆ ನೋಡಿದ ಕೂಡ್ಲೆ ಗೊತ್ತಾಯ್ತು. ಆದ್ರೆ ದೋಸೆ ಸಣ್ಣದಾಯ್ತು ನೋಡು. ನಮ್ಮ ದೋಸೆ ಪ್ಲೇಟಿನಿಂದ ಎರಡೂ ಕಡೆ ಹೊರಗೆ ಬರ್ತದೆ." ಕಮಲಾಕ್ಷ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಮತ್ತೆ, ಈ ಹುಡುಗ... ಇದು ನಾನಲ್ವಾ? ಪ್ರಾಯದಲ್ಲಿ ನನ್ನ ಕೂದಲು ಹೀಗೇ ಇತ್ತು. ನಿಮ್ಮ ಆಂಟಿಯನ್ನು ಮೊದಲು ನೋಡಿದ್ದು ಇದೇ ಪ್ಲಾಟ್‌ಫಾರ್ಮಿನಲ್ಲಿ. ಅವಳು ನಿನ್ನಮ್ಮನ ಹತ್ತಿರ ಹೇಳಿರ್ಬೇಕು, ಹೌದಾ?"

ಈಗ ಕಮಲಾಕ್ಷನ ತಲೆಯ ಮೇಲೆ ಹಾರಲು ಉಳಿದದ್ದು ಫ್ಯಾನಿನ ಗಾಳಿ ಮಾತ್ರ. ಆದರೆ ಅವನ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ಅಲ್ಲ ಎನ್ನಲು ಮನೀಶನಿಗೆ ಬಾಯಿ ಬರಲಿಲ್ಲ.

"ಹೌದು ಅಂಕಲ್. ಪುಸ್ತಕ ಕೊಡ್ತೀರಾ?"

"ಅಯ್ಯೋ, ಮೋಹಿನಿ ಟೀಚರ್ ಇಡ್ಲಿ ತಿನ್ಲಿಕ್ಕೆ ಬಂದಿದ್ರು. ನಿನ್ನ ಹೆಸರು ನೋಡಿ, 'ನನ್ನ ಸ್ಟೂಡೆಂಟ್, ನಾನೇ ಕೊಡ್ತೇನೆ' ಅಂತ ತಕೊಂಡು ಹೋದ್ರು. ನಿಲ್ಲಿ ನಿಲ್ಲಿ, ದೋಸೆ ತಿಂದು ಹೋಗಿ. ಅಳತೆ ಸರಿ ನೋಡಿಕೋ!"

ಮೋಹಿನಿ ಟೀಚರ್ ಠಾಕುರ್ಲಿಯಲ್ಲಿ ಟ್ಯೂಷನ್ ನಡೆಸುವವರು. ಅವರೆದುರು ನಿಂತರೆ ಮನೀಶನಿಗೆ ಸ್ವಂತ ರೋಲ್ ನಂಬರೂ ಮರೆತುಹೋಗುತ್ತಿತ್ತು. ಡೊಂಬಿವಲಿಯಿಂದ ಠಾಕುರ್ಲಿ ಒಂದೇ ಸ್ಟೇಷನ್. ಆದರೆ ಆ ದಿನ ಭಾನುವಾರ, ಹಳಿ ರಿಪೇರಿಯೆಂದು ಗಾಡಿ ಸಾಲಾಗಿ ತಡ. ಪ್ಲಾಟ್‌ಫಾರ್ಮಿನಲ್ಲಿ ವಿಶಾಲ್ ಕೇಳಿದ, "ಭಾಯ್, ಅದ್ರಲ್ಲಿ ಅಷ್ಟು ಎಂತ ಉಂಟು?"

ಮನೀಶ ಹೇಳಿಬಿಟ್ಟ. ಅದೇ ಮೊದಲ ಸಲ ಅವನು ಒಬ್ಬರ ಹತ್ತಿರ ಹೇಳಿದ್ದು. ತನ್ವಿಯ ಹೆಸರು ಕೇಳಿದ ವಿಶಾಲ್ ಶೂಸಿನ ಲೇಸು ಕಟ್ಟಲು ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಎದ್ದಾಗ, "ಹಾಗಾದ್ರೆ ಬೇಗ ಹೋಗ್ಬೇಕು ಯಾರ್. ಅವಳ ಕೈಗೆ ನೀನೇ ಕೊಡ್ಬೇಕು," ಎಂದ.

ಟ್ಯೂಷನ್ನಿನ ಬಾಗಿಲಲ್ಲಿ ಮೋಹಿನಿ ಟೀಚರ್ ಕೆಂಪು ಪೆನ್ನು ಹಿಡಿದು ಕೂತಿದ್ದರು.

"ಮನೀಶ್! ಇದೆಂಥ ಕನ್ನಡ?"

"ಟೀಚರ್..."

"'ಇಷ್ಟ'ಕ್ಕೆ ಯಾವ ಷ? ಸಮೋಸದ ಸ ಹಾಕಿದ್ದೀಯಲ್ಲ. ಹೇಳುವಂಥ ಮಾತು ಹೇಳುವಾಗ ಅಕ್ಷರ ಸರಿ ಇರ್ಬೇಕು. ನಾನು ತಿದ್ದಿದ್ದೇನೆ. ಹತ್ತು ಸಲ ಬರಿ." ಅವರ ತುಟಿಯ ಮೂಲೆಯಲ್ಲಿ ನಗು ಇತ್ತೋ, ಇಡ್ಲಿಯ ಚಟ್ನಿ ಇತ್ತೋ ಮನೀಶನಿಗೆ ತಿಳಿಯಲಿಲ್ಲ.

"ಪುಸ್ತಕ ಎಲ್ಲಿ ಟೀಚರ್?"

"ಎಲ್ಲರ ನೋಟ್‌ಬುಕ್ ಹಂಚ್ಲಿಕ್ಕೆ ತನ್ವಿಗೆ ಕೊಟ್ಟೆ. ಅದೂ ಅದ್ರಲ್ಲೇ ಉಂಟು."

ಮನೀಶ ಬಂದ ದಾರಿಗೇ ತಿರುಗಿದ. ವಿಶಾಲ್ ಅವನ ಬೆನ್ನಿಗೆ ಕೈಕೊಟ್ಟು ತಾರಸಿಯ ಮೆಟ್ಟಿಲಿನ ತನಕ ತಳ್ಳಿಕೊಂಡು ಬಂದು, "ಜಾ," ಎಂದು ತಾನು ಕೆಳಗೇ ಉಳಿದ.

ಮೇಲಿನ ಮೆಟ್ಟಿಲಿನಲ್ಲಿ ತನ್ವಿ ಕೂತಿದ್ದಳು. ಮಡಿಲಲ್ಲಿ ಜಿಯೋಗ್ರಫಿ ಪುಸ್ತಕ. ಹಿಂದಿನಿಂದ ಮುಂದಕ್ಕೆ, ಸರಿಯಾದ ಕ್ರಮದಲ್ಲಿ ಓದುತ್ತಿದ್ದಳು. ಮನೀಶ ಎರಡು ಮೆಟ್ಟಿಲು ಕೆಳಗೇ ನಿಂತ. ಅವಳು ಕೊನೆಯ ಪುಟ ಮಗುಚಿದಳು, ಕೆಂಪು ತಿದ್ದುಪಡಿ ನೋಡಿ ನಕ್ಕಳು, ಆಮೇಲೆ ನಗು ನಿಲ್ಲಿಸಿ ಬಹಳ ಹೊತ್ತು ಆ ಪುಟವನ್ನೇ ನೋಡಿದಳು.

"ಮನೀಶ್, ಈ ಹುಡುಗಿ ನಾನಲ್ವಾ?"

ಬೆಳಿಗ್ಗೆಯಿಂದ ಆ ಹುಡುಗಿ ಯಾರು ಯಾರೋ ಆಗಿದ್ದಳು. ಈಗ ಮೊದಲ ಸಲ ಒಬ್ಬರು ಸರಿಯಾಗಿ ಗುರುತು ಹಿಡಿದಿದ್ದರು, ಅದೂ ಹಿಡಿಯಬೇಕಾದವಳೇ. ಮನೀಶನ ಎದೆ ಫಾಸ್ಟ್ ಲೋಕಲಿನಂತೆ ಸ್ಟೇಷನ್ನುಗಳನ್ನು ಬಿಟ್ಟು ಓಡಿತು.

"ಹೌದು. ಗೊತ್ತಾಯ್ತಾ?"

"ಗೊತ್ತಾಗ್ದೆ ಮತ್ತೆ! ಮಳೆಯಲ್ಲಿ ನನ್ನ ಚಪ್ಪಲಿ ಹರಿದದ್ದು, ನಾನು ಪೆನ್ಸಿಲ್ ಕಚ್ಚುದು, ಎಲ್ಲಾ ಉಂಟು. ನನ್ನನ್ನು ಇಷ್ಟು ಗಮನ ಇಟ್ಟು ಯಾರೂ ನೋಡ್ಲಿಲ್ಲ." ಅವಳ ಕೆನ್ನೆ ಕೆಂಪಾಯಿತು. "ಬಿಲೀವ್ ಮಿ, ನಾನೂ ತುಂಬಾ ದಿನದಿಂದ ಕಾಯ್ತಾ ಇದ್ದೆ. ಅವನು ನನ್ನ ಮುಖ ಕಂಡ್ರೆ ಸಾಕು, ಶೂ ಲೇಸು ಕಟ್ತಾ ಕೂತ್ಕೊಳ್ತಾನೆ. ಬಾಯಿ ಬಿಟ್ಟು ಹೇಳ್ಲಿಕ್ಕೆ ಆಗ್ದೆ ನಿನ್ನ ಹತ್ರ ಬರೆಸಿದ್ದಾನೆ ಪಾಪ."

"ಯಾರು?"

"ಯಾರು ಅಂದ್ರೆ? ವಿಶಾಲ್! ಆ ಹೈಟು, ಆ ಹಾರುವ ಕೂದಲು... ಸೇಮ್ ಅವನೇ. ಏನ್ ಚಂದ ಬರ್ದಿದ್ದೀ ಮನೀಶ್!"

ಮನೀಶನ ತಲೆಗೆ ಅಮ್ಮ ದಿನಾ ಎಣ್ಣೆ ಹಚ್ಚಿ ಬಾಚುತ್ತಿದ್ದಳು. ಬಿರುಗಾಳಿ ಬಂದರೂ ಒಂದು ಕೂದಲು ಜಗ್ಗದು. ತಾನು ಹೇಗಿರಬೇಕೆಂದು ಆಸೆಪಟ್ಟನೋ ಹಾಗೆ ಅವನು ಹೀರೋನನ್ನು ಬರೆದಿದ್ದ. ಹಾಗೆ ಇದ್ದವನು ಪಕ್ಕದಲ್ಲೇ ಓಡಾಡುತ್ತಿದ್ದಾನೆಂಬುದು ಹೊಳೆದೇ ಇರಲಿಲ್ಲ.

ಅಲ್ಲ ಎನ್ನಬಹುದಿತ್ತು. ಅವನು ಮೆಟ್ಟಿಲಿನ ಸಂದಿಯಿಂದ ಕೆಳಗೆ ನೋಡಿದ. ವಿಶಾಲ್ ಗೋಡೆಗೆ ಒರಗಿ, ಬೆರಳು ಬೆಸೆದು, ಗೆಳೆಯನ ಪರೀಕ್ಷೆಯ ಫಲಿತಾಂಶ ಕಾಯುವವನಂತೆ ಕಣ್ಣುಮುಚ್ಚಿ ನಿಂತಿದ್ದ. ಪ್ಲಾಟ್‌ಫಾರ್ಮಿನಲ್ಲಿ ಅಷ್ಟು ಹೊತ್ತು ಕಟ್ಟಿದ ಲೇಸು ಯಾಕೆಂದು ಮನೀಶನಿಗೆ ಈಗ ತಿಳಿಯಿತು. ಎಲ್ಲ ಗೊತ್ತಿದ್ದೂ ಅವನು ತನ್ನನ್ನು ಇಲ್ಲಿಯವರೆಗೆ ತಳ್ಳಿಕೊಂಡು ಬಂದಿದ್ದ.

"ಹೌದು," ಎಂದ ಮನೀಶ. "ಅವನಿಗೆ ನಾಚಿಕೆ ಜಾಸ್ತಿ."

"ಮತ್ತೆ ಇದ್ರಲ್ಲಿ ನೀನೆಲ್ಲಿ?"

ಅವನು ಪುಟ ತಿರುವಿ ತಿರುವಿ, ಪ್ಲಾಟ್‌ಫಾರ್ಮಿನ ಜನಜಂಗುಳಿಯಲ್ಲಿ ಕಂಬದ ಹಿಂದೆ ಅರ್ಧ ಮುಚ್ಚಿಹೋದ ಒಬ್ಬನನ್ನು ಹುಡುಕಿದ. ಒಂದು ಮೊಣಕೈ, ಒಂದು ಚೀಲ. "ಇದು."

ತನ್ವಿ ಬಿದ್ದು ಬಿದ್ದು ನಕ್ಕಳು. "ಇಷ್ಟು ಒಳ್ಳೆ ಫ್ರೆಂಡಿಗೆ ಬರೀ ಮೊಣಕೈಯಾ? ಮುಂದಿನ ಪುಸ್ತಕದಲ್ಲಿ ಮುಖ ಹಾಕು. ನಾನೇ ಮೊದಲು ಓದ್ತೇನೆ, ಪ್ರಾಮಿಸ್."

ಮನೀಶ ಕೆಳಗಿಳಿದು ವಿಶಾಲನ ಭುಜ ಅಲುಗಿಸಿದ. "ಮೇಲೆ ಹೋಗು. ನಿನ್ನನ್ನು ಕರೀತಾ ಇದ್ದಾಳೆ."

"ನನ್ನನ್ನಾ? ನಿನ್ನದು ಏನಾಯ್ತು?"

"ಪುಸ್ತಕ ಹಿಟ್ ಆಯ್ತು. ಹೀರೋ ನೀನಂತೆ."

ವಿಶಾಲನ ಕಿವಿ ಗ್ಯಾಸಿನ ಮೇಲಿಟ್ಟ ಹಪ್ಪಳದಂತೆ ಮುದುರಿ ಕೆಂಪಾಯಿತು. "ಇಲ್ಲ ಯಾರ್, ನಾನು ಹೋಗಿ ಸಚ್ ಹೇಳ್ತೇನೆ, ಅದು ನೀನೇ ಅಂತ," ಎಂದ. "ಹೇಳಿದ್ರೆ ಪೆಟ್ಟು ಕೊಡ್ತೇನೆ," ಎಂದು ಮನೀಶ ಈ ಸಲ ತಾನೇ ಅವನ ಬೆನ್ನಿಗೆ ಕೈಕೊಟ್ಟು ಮೇಲಕ್ಕೆ ತಳ್ಳಿದ.

ಆಮೇಲೆ ಠಾಕುರ್ಲಿ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ತನ್ವಿ ಹಂಚಿದ ರಾಶಿಯಲ್ಲಿ ಸಿಕ್ಕಿದ ತನ್ನ ಈ ವರ್ಷದ, ನಿಜವಾದ ಜಿಯೋಗ್ರಫಿ ನೋಟ್‌ಬುಕ್ಕನ್ನೇ ಹಿಂದಿನಿಂದ ತೆರೆದ. ಎದೆಯಲ್ಲಿ ನೋವಿತ್ತು, ಆದರೆ ಕೈ ಸುಮ್ಮನಿರಲಿಲ್ಲ. ಈ ಸಲ ಕೂದಲಿಗೆ ಎಣ್ಣೆ ಹಚ್ಚಿಯೇ ಬರೆದ. ಇದ್ದ ಮೂಗನ್ನು ಇದ್ದಷ್ಟೇ ದಪ್ಪ ಬರೆದ. ಜಪಾನಿನವರಿಗೆ ಮೂಗು ಅಂದರೆ ಒಂದು ಚುಕ್ಕೆ. ನಿಜವಾದ ಮೂಗಿಗೆ ಎಷ್ಟೊಂದು ಕೆಲಸ! ಒಂದು ಲೋಕಲ್ ಬಂದು ಹೋಯಿತು, ಎರಡನೆಯದೂ ಹೋಯಿತು. ಮೂರನೆಯದು ಬರುವಷ್ಟರಲ್ಲಿ ಮುಖ ಮುಗಿದಿತ್ತು. ಮನೀಶನಿಗೇ ಆಶ್ಚರ್ಯವಾಗುವಷ್ಟು ಚೆನ್ನಾಗಿ ಬಂದಿತ್ತು.

ಅಷ್ಟರಲ್ಲಿ ವಿಶಾಲ್ ಮುಖವೆಲ್ಲ ಬೆಳಕಾಗಿ ಓಡಿಬಂದು ಪಕ್ಕದಲ್ಲಿ ಕೂತ. ಚಿತ್ರದ ಮೇಲೆ ಕಣ್ಣು ಬಿದ್ದದ್ದೇ ತಡ, ತೊಡೆ ತಟ್ಟಿದ.

"ಅರೇ ವಾಹ್ ಮನ್ಯಾ! ನಿನ್ನ ಅಪ್ಪ! ಸೇಮ್ ಟು ಸೇಮ್!"