ಹದಿನೇಳನೇ ಚೀಟಿಯ ಕಾಫಿ

ಸ್ವಂತ ಮನೆಯಲ್ಲಿ, ಕೈಹಿಡಿದ ಹೆಂಡತಿಯ ಹತ್ತಿರ ಒಂದು ಲೋಟ ಕಾಫಿ ಕೇಳಲು ನಂಬರು ಹಾಕಿದ ಚೀಟಿ ಕೊಡುವ ಗಂಡಸನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದೇನೆ ಎಂದರೇನು, ನನ್ನ ಅಕ್ಕನನ್ನು ಅವರಿಗೇ ಕೊಟ್ಟಿದ್ದೇವೆ!

ನಮ್ಮ ಭಾವ ನಂಜನಗೂಡಿನಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರು ಇಟ್ಟುಕೊಂಡು ಅಂಗಡಿಗಳಿಗೆ ಪ್ರೋಗ್ರಾಮು ಬರೆದುಕೊಡುತ್ತಿದ್ದರು. ನಾನು ತಿ. ನರಸೀಪುರದಲ್ಲಿ ಮರದ ತೊಟ್ಟಿಲು ಮಾಡುವವನು. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಯಾಕೆ ಬಿಟ್ಟೆ ಎಂದು ಈಗಲೇ ಕೇಳಬೇಡಿ. ಆದರೆ ಒಂದು ಮಾತು: ನಾನು ಮಾಡಿದ ತೊಟ್ಟಿಲು ಈವರೆಗೆ ಕಿರ್ರೆಂದಿಲ್ಲ. ಒಳಗಿನ ಮಗು ಕಿರುಚಿದರೆ ಅದಕ್ಕೆ ನಾನು ಹೊಣೆಯಲ್ಲ!

ಎರಡು ಸಾವಿರದ ಐದೋ ಆರೋ ಇರಬೇಕು. ಭಾವನ ಒತ್ತಾಯಕ್ಕೆ ನನ್ನ ತೊಟ್ಟಿಲುಗಳ ಫೋಟೋ ಇಂಟರ್ನೆಟ್ಟಿಗೆ ಹೋಯಿತು. ಅಲ್ಲೇ ಹಣ ಕಟ್ಟಲು ಯಾರದೋ ತಯಾರಿಯ ಒಂದು ಬಟನ್ನನ್ನೂ ಅಂಟಿಸಿದ್ದಾಯಿತು. ಹುಬ್ಬಳ್ಳಿಯ ಒಬ್ಬ ಅಜ್ಜ ಮೊಮ್ಮಗುವಿಗೆಂದು ಆ ಬಟನ್ ಒತ್ತಿದರು. ಪರದೆ ಸುಮ್ಮನೆ ನಿಂತಿತು. ಮತ್ತೆ ಒತ್ತಿದರು. ಇನ್ನೊಮ್ಮೆ ಒತ್ತಿದರು. ಒಂದು ಮಗುವಿಗೆ ಮೂರು ತೊಟ್ಟಿಲಿನ ಹಣ ಹೋಯಿತು! ಫೋನು ಬಂತು.

"ನಮ್ಮನ್ಯಾಗ ಹುಟ್ಟಿದ್ದು ಒಂದ ಕೂಸು ರೀ! ಉಳಿದೆರಡು ತೊಟ್ಟಲದಾಗ ನಾನೂ ನನ್ನ ಹೇಣ್ತೀನೂ ಮಲಗೂದೇನ್ರೀ? ಮೋಸದ ಅಂಗಡಿ ಇಟ್ಟೀರಿ ನೀವು!"

ಹೆಚ್ಚಿಗೆ ಬಂದ ಹಣ ಆ ದಿನವೇ ವಾಪಸು ಹೋಯಿತು. ಆದರೆ ಮೋಸ ಎಂಬ ಮಾತು ಮಾತ್ರ ಹೋಗಲಿಲ್ಲ. ಉಳಿ ಹಿಡಿದ ದಿನದಿಂದ ಅಂಥ ಮಾತು ಕೇಳಿದವನಲ್ಲ ನಾನು. ನೇರ ಬಸ್ಸು ಹತ್ತಿ ನಂಜನಗೂಡಿಗೆ ಹೋದೆ.

"ಭಾವ, ಆ ಬಟನ್ ಕಿತ್ತಾಕ್ಬುಡಿ. ನನ್ ಎಸ್ರು ಕೆಡೋದ್ಕಿಂತ ಯಾಪಾರ ಕೆಡೋದೇ ವಾಸಿ."

ಭಾವನ ಮುಖ ಅರಳಿತು. "ಎಷ್ಟು ಸಲ ಒತ್ತುದ್ರಂತೆ? ಮೂರಾ? ಭೇಷ್!"

ಅಪರೂಪದ ರೋಗ ಸಿಕ್ಕ ಡಾಕ್ಟರ ಸಂತೋಷ! ಆ ಅಜ್ಜ ನನಗೆ ಬೈದದ್ದು ಇವರಿಗೆ ಹಬ್ಬವೆ?

"ಮೂರು ತಿಂಗ್ಳು ಟೈಮು ಕೊಡ್ಲಾ. ನಾನೇ ಒಂದು ಮಾಡ್ತೀನಿ. ಆಮೇಲೂ ಇಂಗೇ ಆದ್ರೆ ನಿನ್ ಕೈಯಾರೆ ಕಿತ್ತಾಕು" ಎಂದರು.

ಮಾಡಹೊರಟದ್ದೇನು? ಅಂಗಡಿಯ ಪ್ರೋಗ್ರಾಮು ಹಣದ ವಿಷಯವನ್ನು ಬ್ಯಾಂಕಿನ ಕಡೆಯವರಲ್ಲಿ ಏನೆಂದು ಕೇಳಬೇಕು, ಅವರು ಏನೆಂದು ಉತ್ತರಿಸಬೇಕು ಎಂಬ ಕಟ್ಟುಪಾಡು. ಯಾವ ಅಂಗಡಿಯವನಿಗೆ ಪ್ರೋಗ್ರಾಮು ಬರೆಯುವವನಾದರೂ ಅದನ್ನು ತನ್ನದಕ್ಕೆ ಜೋಡಿಸಿಕೊಳ್ಳುವಂತಿರಬೇಕು. ನನ್ನ ಕಸುಬಿನಲ್ಲಿ ಹೇಳುವುದಾದರೆ ಈ ಮರದ ತುದಿ ಆ ಮರದ ತೂತಿಗೆ ಮೊಳೆಯಿಲ್ಲದೆ ಕೂರಬೇಕು. ಮರ ಕೊಯ್ದವನೊಬ್ಬ, ತೂತು ಕೊರೆದವನೊಬ್ಬ, ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ!

ಕಟ್ಟುಪಾಡಿನ ಮೊದಲ ಪರೀಕ್ಷೆ ಅಕ್ಕನ ಅಡುಗೆಮನೆಯಲ್ಲಿ ನಡೆಯಿತು. ಅಂಗಡಿಯಲ್ಲಿ ಪ್ರತಿ ಖರೀದಿಗೂ ಒಂದು ನಂಬರು ಇರುವಂತೆ ಇಲ್ಲಿ ಪ್ರತಿ ಕಾಫಿಗೂ ಒಂದು ನಂಬರಿನ ಚೀಟಿ. ಅದೇ ನಂಬರು ಮತ್ತೆ ಬಂದರೆ ಹೊಸ ಕಾಫಿ ಮಾಡುವಂತಿಲ್ಲ, ಬೈಯುವಂತೆಯೂ ಇಲ್ಲ. ಮೊದಲನೆಯದು ಏನಾಯಿತೆಂದು ಹೇಳಬೇಕು, ಅಷ್ಟೆ.

ಒಂದು ಸಂಜೆ ಕೆಲಸದಲ್ಲಿ ಮುಳುಗಿದ್ದ ಭಾವ ಹದಿನೇಳನೇ ಚೀಟಿಯನ್ನು ಎರಡನೇ ಸಲ ಚಾಚಿದರು.

"ಅದಿನೇಳು ಕೊಟ್ಟಾಯ್ತು ಕಣ್ರೀ. ನಿಮ್ಮ ಎಡಗೈ ಪಕ್ಕದಲ್ಲೇ ಆರೋಗ್ತಾ ಅದೆ, ನೋಡ್ಕಳಿ" ಎಂದಳು ಅಕ್ಕ.

ಭಾವ ಕುರ್ಚಿಯಿಂದ ಹಾರಿದರು. "ಇದೇ ಕಣೆ ಸರಿಯಾದ ಉತ್ತರ! ಬ್ಯಾಂಕಿನೋರ್ಗೂ ಬರ್ದೇ ಇರೋ ಬುದ್ಧಿ ನಿಂಗೆ ಬಂದದೆ!"

"ಬುದ್ಧಿ ಇದ್ದಿದ್ರೆ ನಿಮ್ಮನ್ನ ಒಪ್ತಿದ್ನಾ?"

ಎರಡನೆಯ ಕಟ್ಟುಪಾಡು: ಉತ್ತರ ಮೂರೇ ಮೂರು. ಆಯ್ತು, ಆಗ್ಲಿಲ್ಲ, ಇನ್ನೂ ಗೊತ್ತಿಲ್ಲ. ಇದರ ಪರೀಕ್ಷೆ ಮನೆಯಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಭಾವ ತಮ್ಮ ತಂಗಿಯ ಮಗಳ ಸಂಬಂಧ ಮಾತಾಡಲು ನನ್ನನ್ನೂ ಕರೆದುಕೊಂಡು ಪಕ್ಕದ ಊರು ಕಳಲೆಗೆ ಹೋದರು. ಉಪ್ಪಿಟ್ಟು ತಿಂದದ್ದಾಯಿತು. ಗಂಡಿನ ತಂದೆ ಮೀಸೆ ಒರೆಸಿಕೊಂಡು, "ನೋಡಣ, ದೇವ್ರವ್ನೆ" ಎಂದರು.

"ಯಜಮಾನ್ರೇ, ಅದು ಪಟ್ಟೀಲಿ ಇಲ್ಲ" ಎಂದರು ಭಾವ. "ಆಯ್ತಾ, ಆಗ್ಲಿಲ್ವಾ, ಇನ್ನೂ ಗೊತ್ತಿಲ್ವಾ? ಗೊತ್ತಿಲ್ಲ ಅಂದ್ರೆ ಮರ್ವಾದೆ ಓಗಕಿಲ್ಲ. ಮತ್ತೆ ಯಾವಾಗ ಕೇಳ್ಬೇಕು, ಅದೊಂದು ಏಳ್ಬುಡಿ."

ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ಕಣ್ಣಲ್ಲೇ ಹುಡುಕಿದೆ. ಆ ಯಜಮಾನರಿಗೆ ಜನ್ಮದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ತಬ್ಬಿಬ್ಬಾಗಿ, "ಆಯ್ತು ಕಣಪ್ಪ, ಆಯ್ತು!" ಎಂದುಬಿಟ್ಟರು. ಆ ಹುಡುಗಿಯ ಮೊದಲ ಮಗುವಿಗೆ ತೊಟ್ಟಿಲು ನನ್ನದೇ!

ಮೂರನೆಯ ಪರೀಕ್ಷೆಗೆ ಸಿಕ್ಕಿದವನು ನಾನು. ಈ ಕಟ್ಟುಪಾಡನ್ನು ಬಳಸುವುದು ಹೇಗೆಂದು ಭಾವ ಕನ್ನಡದಲ್ಲೊಂದು ಪುಸ್ತಕ ಬರೆದು, ಪ್ರತಿ ಭಾನುವಾರ ನನ್ನನ್ನು ಕೂರಿಸಿಕೊಂಡು ಓದುತ್ತಿದ್ದರು. ನನಗೋ ಮರ್ಯಾದೆಯ ಪ್ರಶ್ನೆ. ತಲೆಯಾಡಿಸುತ್ತಿದ್ದೆ.

"ಅರ್ಥ ಆಯ್ತೇನ್ಲಾ?"

"ಊಂ, ಆಯ್ತು."

"ಏನ್ ಅರ್ಥ ಆಯ್ತು, ಏಳು."

ಓದಿದ್ದರ ಕೊನೆಯ ಸಾಲನ್ನೇ ಗಿಳಿಯಂತೆ ಒಪ್ಪಿಸಿದೆ. ಬೈಯುತ್ತಾರೆಂದುಕೊಂಡೆ. ಭಾವ ಪರ್‍ರೆಂದು ಹಾಳೆ ಹರಿದರು! "ತಪ್ಪು ನಿಂದಲ್ಲ, ಆಳೇದು" ಎಂದು ಹೊಸದಾಗಿ ಬರೆದರು. ಒಂದೊಂದು ಪುಟವನ್ನೂ ಐದಾರು ಸಲ ಹರಿದರು, ಐದಾರು ಸಲ ಓದಿದರು, ಒಂದು ಸಲವೂ ದನಿ ಏರಲಿಲ್ಲ. ಆ ಮೂರು ತಿಂಗಳು ಅಕ್ಕನ ಬಚ್ಚಲೊಲೆಗೆ ಸೌದೆಯೇ ಬೇಕಾಗಲಿಲ್ಲ!

ಕೊನೆಗೆ ಹಳೆಯ ಬಟನ್ ಹೋಗಿ ಭಾವನದು ಬಂತು. ಕೈಯಲ್ಲಿ ಜೀವ ಹಿಡಿದು ಕಾದೆ. ಎರಡನೇ ವಾರದಲ್ಲೇ ಶಿವಮೊಗ್ಗದ ಒಬ್ಬ ತಾಯಿ, ಅಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿದ್ದುದಕ್ಕೆ, ಐದು ಸಲ ಒತ್ತಿದರು. ಬಂದದ್ದು ಒಂದೇ ತೊಟ್ಟಿಲಿನ ಹಣ! ಆಮೇಲೆ ಅವರೇ ಫೋನು ಮಾಡಿ, "ಐದು ಸಲ ಕೇಳಿದ್ರೂ ಬೇಜಾರಿಲ್ಲದೆ ಒಂದೇ ಉತ್ತರ ಹೇಳ್ತು, ಪಾಪ" ಎಂದರು.

ಆ ಭಾನುವಾರ ಒಂದು ಗೊನೆ ರಸಬಾಳೆ ಹೊತ್ತು ನಂಜನಗೂಡಿಗೆ ಹೋದೆ. ಥ್ಯಾಂಕ್ಸ್ ಎನ್ನುವುದು ನಮ್ಮಲ್ಲಿ ರೂಢಿಯಿಲ್ಲ. ಅದಕ್ಕೇ ಬೇರೆ ಏನೋ ಕೇಳಿದೆ.

"ಭಾವ, ಮತ್ತೆ ಕೇಳುದ್ರೆ ಬೈಬಾರ್ದು ಅನ್ನೋ ಕಟ್ಟುಪಾಡು ಯಾವ ಪುಸ್ತಕದಲ್ಲಿತ್ತು?"

ಭಾವ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ಪುಸ್ತಕ ಯಾವ್ದ್ಲಾ? ನಮ್ ಮದ್ವೆ ಆದ ವರ್ಸ ನೀನೇ ಏಳಿದ್ದಲ್ಲ, ಆರನೇ ಕ್ಲಾಸಲ್ಲಿ ಲೆಕ್ಕ ತಿಳೀದೆ ಎರಡ್ನೇ ಸಲ ಕೇಳ್ದೆ ಅಂತ ಮೇಷ್ಟ್ರು ಒಡುದ್ರು, ಸ್ಕೂಲ್ ಬುಟ್ಟೆ ಅಂತ. ನಾನ್ ಮಾಡಿದ್ರಲ್ಲಿ ಯಾರ್ಗೂ ಅಂಗಾಗ್ಬಾರ್ದು, ಅಷ್ಟೆ."

ನಾನು ಬಾಳೆಗೊನೆಯನ್ನು ಗೋಡೆಗೆ ಒರಗಿಸಿಟ್ಟೆ. ಆಮೇಲೆ, "ಏನಂದ್ರಿ ಭಾವ?" ಎಂದೆ.

ಕೇಳಿಸಿತ್ತು. ಪೂರ್ತಿ ಅರ್ಥವೂ ಆಗಿತ್ತು. ಆದರೂ ಕೇಳಿದೆ. ಭಾವ ಮೊದಲಿನಿಂದ ಮತ್ತೆ ಹೇಳಿದರು. ಅದೇ ಉತ್ತರ, ಅದೇ ದನಿ.